ಹಿಂದುಳಿದ ತಾಲ್ಲೂಕಿನ ಕಾಲೇಜಿಗೆ ಹೊಸ ಕೋರ್ಸ್: ಸರ್ಕಾರದ ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಹಲವು ವರ್ಷ ಅನುದಾನದ ಫೈಲುಗಳನ್ನೂ ನೋಡಿಕೊಂಡಿದ್ದೇನೆ. ಈಗಲೂ ಪರಿಚಯದ ಪ್ರಾಂಶುಪಾಲರು, ಕಾಲೇಜು ಅಭಿವೃದ್ಧಿ ಸಮಿತಿಯವರು, ಕೆಲವೊಮ್ಮೆ ವಿದ್ಯಾರ್ಥಿಗಳು ಫೋನ್ ಮಾಡಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದೇ ಉತ್ತರ ಹತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ತಾಲ್ಲೂಕು "ಹಿಂದುಳಿದದ್ದು" ಅಂತ ತೀರ್ಮಾನ ಮಾಡುವವರು ಯಾರು?

ಒಬ್ಬರಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಕರ್ನಾಟಕದಲ್ಲಿ ಎಲ್ಲರೂ ಮೊದಲು ತೆಗೆಯುವ ಪಟ್ಟಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯದು. 2002ರಲ್ಲಿ ವರದಿ ಕೊಟ್ಟ ಈ ಸಮಿತಿ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆಮೇಲೆ ಎಷ್ಟೋ ಹೊಸ ತಾಲ್ಲೂಕುಗಳಾದವು. ನಿಮ್ಮದು ಹೊಸದಾದರೆ ಆ ಪಟ್ಟಿಯಲ್ಲಿ ಹೆಸರೇ ಸಿಗುವುದಿಲ್ಲ. ಆಗ ಅದು ಯಾವ ತಾಲ್ಲೂಕಿಗೆ ಸೇರಿತ್ತು ಅಂತ ನೋಡಬೇಕು.

ಕೇಂದ್ರದ ಲೆಕ್ಕ ಬೇರೆ, ಅದು ಜಿಲ್ಲೆಯ ಮಟ್ಟದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹಿಂದೊಮ್ಮೆ ದೇಶದಲ್ಲಿ 374 ಜಿಲ್ಲೆಗಳನ್ನು ಶೈಕ್ಷಣಿಕವಾಗಿ ಹಿಂದುಳಿದವು ಎಂದು ಗುರುತಿಸಿತ್ತು. 2001ರ ಜನಗಣತಿ ಆಧಾರದ ಮೇಲೆ, ಕಾಲೇಜಿಗೆ ಸೇರುವವರ ಪ್ರಮಾಣ ದೇಶದ ಸರಾಸರಿಯಾದ ಶೇ. 12.4ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳು ಅವು. 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಯೋಜನೆ ಬಂತು. ಅದರ 112 ಜಿಲ್ಲೆಗಳಲ್ಲಿ ನಮ್ಮವು ಎರಡೇ: ರಾಯಚೂರು ಮತ್ತು ಯಾದಗಿರಿ.

ಹಾಗಾಗಿ ಒಂದು ಪಟ್ಟಿಯಲ್ಲಿ ಇರುವ ಊರು ಇನ್ನೊಂದರಲ್ಲಿ ಇಲ್ಲದೇ ಇರಬಹುದು. "ನಮ್ಮದು ಹಿಂದುಳಿದ ತಾಲ್ಲೂಕು" ಎಂದು ಸುಮ್ನೆ ಬರೆದರೆ ಮೇಲಿನವರು ಓದಿ ಪಕ್ಕಕ್ಕಿಡುತ್ತಾರೆ. ಯಾವ ಪಟ್ಟಿ, ಅದರಲ್ಲಿ ಯಾವ ವರ್ಗ ಅಂತ ಬರೆಯಿರಿ.

ಕರ್ನಾಟಕದಲ್ಲಿ ಕಾಲೇಜುಗಳು ಬೇಕಾದಷ್ಟಿವೆ ಅನ್ನುತ್ತಾರಲ್ಲ?

ಸರಾಸರಿ ನೋಡಿದರೆ ಹೌದು. ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನರಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶದಲ್ಲೇ ಜಾಸ್ತಿ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ: ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ 1,106 ಕಾಲೇಜುಗಳು. ಇದೂ ದೇಶದಲ್ಲೇ ಮೊದಲು. ಎರಡೂ ಸಾಲನ್ನು ಒಟ್ಟಿಗೆ ಓದಿದರೆ ಸರಾಸರಿಯನ್ನು ಯಾರು ಎತ್ತಿ ಹಿಡಿದಿದ್ದಾರೆ ಅಂತ ಗೊತ್ತಾಗುತ್ತದೆ ಅಲ್ವಾ?

ಇನ್ನೊಂದು ಮಾತು. ಊರಿನಲ್ಲಿ ಕಾಲೇಜು ಇರುವುದು ಬೇರೆ, ಕೆಲಸಕ್ಕೆ ಬೇಕಾದ ತರಬೇತಿ ಇರುವುದು ಬೇರೆ. ಎಷ್ಟೋ ತಾಲ್ಲೂಕು ಕಾಲೇಜುಗಳಲ್ಲಿ ಬಿಎ ಮತ್ತು ಬಿಕಾಂ ಬಿಟ್ಟರೆ ಬೇರೇನೂ ಇಲ್ಲ.

ದುಡ್ಡು ಯಾವ ಯಾವ ಕಡೆಯಿಂದ ಬರಬಹುದು?

ದೊಡ್ಡ ಬಾಗಿಲುಗಳು ನಾಲ್ಕು. ಕೇಂದ್ರದ ಪಿಎಂ-ಉಷಾ. ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ಬಜೆಟ್. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಯ (ಎಸ್‌ಸಿಎಸ್‌ಪಿ-ಟಿಎಸ್‌ಪಿ) ಹಣ. ಕಾಲೇಜು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿದ್ದರೆ ಆ ಭಾಗದ ಪ್ರದೇಶಾಭಿವೃದ್ಧಿ ಮಂಡಳಿ. ಇವುಗಳ ಜೊತೆಗೆ ಶಾಸಕರ, ಸಂಸದರ ನಿಧಿ ಮತ್ತು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಸಿಎಸ್‌ಆರ್ ಹಣ. ಇವು ಒಂದು ಕೊಠಡಿಗೋ, ಹತ್ತಿಪ್ಪತ್ತು ಕಂಪ್ಯೂಟರಿಗೋ ಆಗುತ್ತವೆ. ಮೂರು ವರ್ಷದ ಕೋರ್ಸನ್ನು ಇವುಗಳ ಮೇಲೆ ನಂಬಿ ಕಟ್ಟಬೇಡಿ.

ಪಿಎಂ-ಉಷಾದಲ್ಲಿ ಕಾಲೇಜಿಗೆ 5 ಕೋಟಿ ಕೊಡುತ್ತಾರಂತೆ. ನೇರವಾಗಿ ಅರ್ಜಿ ಹಾಕಬಹುದಾ?

ಆಗುವುದಿಲ್ಲ. ರಾಜ್ಯದ ಮೂಲಕವೇ ಹೋಗಬೇಕು.

ಹಿನ್ನೆಲೆ ಇಷ್ಟು. 2013ರಲ್ಲಿ ರೂಸಾ ಎಂಬ ಯೋಜನೆ ಬಂತು. ರಾಜ್ಯಗಳ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಕೇಂದ್ರದ ಹಣ ರಾಜ್ಯ ಸರ್ಕಾರದ ಮೂಲಕ ಬರುವ ದಾರಿ ಅದು. 2023ರಲ್ಲಿ ಅದಕ್ಕೆ ಪಿಎಂ-ಉಷಾ ಎಂದು ಹೊಸ ಹೆಸರು, ಹೊಸ ರೂಪ ಬಂತು. 2023-24ರಿಂದ 2025-26ರವರೆಗೆ ಇಟ್ಟ ಮೊತ್ತ 12,926.10 ಕೋಟಿ ರೂಪಾಯಿ. ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಈಶಾನ್ಯ ರಾಜ್ಯಗಳಿಗೆ 90 ಮತ್ತು 10.

ಇದರಲ್ಲಿ ಇರುವ ಕಾಲೇಜನ್ನು ಬಲಪಡಿಸಲು 5 ಕೋಟಿ, ಹೊಸ ಮಾದರಿ ಪದವಿ ಕಾಲೇಜಿಗೆ 15 ಕೋಟಿ, ಲಿಂಗ ಸಮಾನತೆ ಮತ್ತು ಒಳಗೊಳ್ಳುವಿಕೆಯ ಕೆಲಸಗಳಿಗೆ ಜಿಲ್ಲೆಗೆ 10 ಕೋಟಿಯವರೆಗೆ ಎಂಬ ಭಾಗಗಳಿವೆ. ಕಾಲೇಜಿಗೆ ಸೇರುವವರು ಕಡಿಮೆ ಇರುವ, ಹುಡುಗಿಯರ ಪ್ರಮಾಣ ಕಡಿಮೆ ಇರುವ ಜಿಲ್ಲೆಗಳನ್ನು "ಫೋಕಸ್ ಜಿಲ್ಲೆ" ಎಂದು ಗುರುತಿಸಿ ಆದ್ಯತೆ ಕೊಡುತ್ತಾರೆ. ನಿಮ್ಮ ಪ್ರಸ್ತಾವನೆ ಇಲಾಖೆಗೆ ಹೋಗಿ, ರಾಜ್ಯದ ಪಟ್ಟಿಯಲ್ಲಿ ಸೇರಿ, ದೆಹಲಿಗೆ ಹೋಗುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಹೋದರೆ ಏನು ಪ್ರಯೋಜನ? ಆದ್ದರಿಂದ ಹೊಸ ಸುತ್ತಿನ ಆದೇಶ ಬಂದಿದೆಯಾ ಅಂತ ಇಲಾಖೆಯಲ್ಲಿ ಮೊದಲು ಕೇಳಿ, ಆಮೇಲೆ ಕೂತು ಬರೆಯಿರಿ.

ಕಲ್ಯಾಣ ಕರ್ನಾಟಕದಲ್ಲಿ ಇರುವವರಿಗೆ ಹೆಚ್ಚಿನ ಅನುಕೂಲ ಇದೆಯಾ?

ಇದೆ, ದೊಡ್ಡದೇ ಇದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಕಲಂ ಸೇರಿ, 2013ರಿಂದ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಇದರೊಳಗೆ ಬರುತ್ತವೆ. ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟುಗಳ ಮೀಸಲಾತಿ ಇದೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. 2023-24ರ ರಾಜ್ಯ ಬಜೆಟ್‌ನಲ್ಲಿ ಈ ಮಂಡಳಿಗೆ 5,000 ಕೋಟಿ ಘೋಷಣೆಯಾಯಿತು.

ಮಂಡಳಿಯ ಹಣ ಸಿಮೆಂಟು, ರಸ್ತೆ, ಕಟ್ಟಡದ ಕಡೆ ಬೇಗ ಹರಿಯುತ್ತದೆ ಎನ್ನುವುದು ನನ್ನ ಅನಿಸಿಕೆ. ಕಾಮಗಾರಿಯನ್ನು ಅಳೆಯುವುದು ಸುಲಭ, ಬಿಲ್ ಮಾಡುವುದೂ ಸುಲಭ. ತರಬೇತಿಗೆ ಕೇಳಬೇಕಾದರೆ ವರ್ಷದ ಕ್ರಿಯಾಯೋಜನೆ ತಯಾರಾಗುವ ಮೊದಲೇ ಹೋಗಿ ಕೂರಬೇಕು. ಪಟ್ಟಿ ಅಂತಿಮವಾದ ಮೇಲೆ ಹೋದರೆ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣವನ್ನು ಇಡೀ ಕಾಲೇಜಿಗೆ ಬಳಸಬಹುದಾ?

ಎಚ್ಚರ. 2013ರ ರಾಜ್ಯದ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರ ಜನಸಂಖ್ಯೆಗೆ ತಕ್ಕಂತೆ, ಅಂದರೆ ಶೇ. 24.1ರಷ್ಟು ಹಣವನ್ನು ಅವರ ಅಭಿವೃದ್ಧಿಗೆ ಎತ್ತಿಡಬೇಕು. ಎಲ್ಲರಿಗೂ ಆಗುವ ಕೆಲಸದಲ್ಲಿ ಒಂದು ಪಾಲನ್ನು ಈ ಲೆಕ್ಕಕ್ಕೆ ತೋರಿಸಲು 7ಡಿ ಎಂಬ ಕಲಂ ದಾರಿ ಕೊಟ್ಟಿತ್ತು. 2023ರಲ್ಲಿ ಅದನ್ನು ತೆಗೆದರು. ಆದ್ದರಿಂದ ಈ ಹಣದಲ್ಲಿ ತರಬೇತಿ ನಡೆಸಿದರೆ ಕಲಿತವರು ಯಾರು ಎಂಬ ಹಾಜರಿ, ಜಾತಿ ಪ್ರಮಾಣಪತ್ರದ ನಕಲು ಎಲ್ಲ ಫೈಲಿನಲ್ಲಿರಲಿ. ಆ ಮಕ್ಕಳ ಪಾಲಿನ ದುಡ್ಡು ಕಾಲೇಜಿನ ಕಾಂಪೌಂಡಿಗೆ ಹೋಗಬಾರದು. ಆಡಿಟ್‌ನವರು ಹಿಡಿಯುತ್ತಾರೆ ಅಂತ ಅಲ್ಲ, ಅದು ಆ ಮಕ್ಕಳ ದುಡ್ಡು.

ಯಾವ ಕೋರ್ಸ್ ಕೇಳಿದರೆ ಒಳ್ಳೆಯದು?

ಬಹಳ ಜನ ಇಲ್ಲಿಂದ ಶುರು ಮಾಡಿ ಎಡವುತ್ತಾರೆ. ಪೇಪರಿನಲ್ಲಿ ಯಾವ ಹೆಸರು ಜಾಸ್ತಿ ಓಡುತ್ತಿದೆಯೋ ಅದನ್ನೇ ಕೇಳುತ್ತಾರೆ. ಒಂದು ವರ್ಷ ಎಲ್ಲರಿಗೂ ಡ್ರೋನ್ ಬೇಕು, ಮರು ವರ್ಷ ಎಐ.

ನಾನು ಹೇಳುವುದು ಇಷ್ಟು. ನಿಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಹೋಗಿ ಬರಬಹುದಾದ ಜಾಗಗಳಲ್ಲಿ ಯಾರು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅಕ್ಕಿ ಗಿರಣಿ, ಜಿನ್ನಿಂಗ್ ಫ್ಯಾಕ್ಟರಿ, ಸೋಲಾರ್ ಪಾರ್ಕ್, ಆಸ್ಪತ್ರೆ, ಸಹಕಾರಿ ಬ್ಯಾಂಕು, ಹಾಲಿನ ಒಕ್ಕೂಟ, ಹೀಗೆ. ಆ ಹಾಳೆ ನೋಡಿದ ಮೇಲೆ ಕೋರ್ಸಿನ ಹೆಸರು ತಾನಾಗಿಯೇ ಬರುತ್ತದೆ.

ರೂಪದ ವಿಷಯಕ್ಕೆ ಬಂದರೆ ಎರಡು ದಾರಿ ಇವೆ. ಒಂದು ಬಿ.ವೋಕ್, ಅಂದರೆ ಬ್ಯಾಚುಲರ್ ಆಫ್ ವೊಕೇಶನ್. ಯುಜಿಸಿಯ ಈ ಪದವಿಯಲ್ಲಿ ಶೇ. 60 ಕೌಶಲ, ಶೇ. 40 ಸಾಮಾನ್ಯ ವಿಷಯ. ಒಂದು ವರ್ಷ ಓದಿ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರಕ್ಕೆ ಪದವಿ. ಮನೆಯ ಕಷ್ಟಕ್ಕೆ ಮಧ್ಯದಲ್ಲೇ ಓದು ಬಿಡುವ ಮಕ್ಕಳಿರುವ ಊರಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಕೆಲಸ ಕೊಡುವವರಲ್ಲಿ ಬಿ.ವೋಕ್ ಎಂದರೇನು ಅಂತ ಗೊತ್ತಿರುವವರು ಕಡಿಮೆ. ಪೋಷಕರಿಗಂತೂ ಅದನ್ನು ವಿವರಿಸಿ ಸಾಕಾಗಿಹೋಗುತ್ತದೆ.

ಎರಡನೆಯದು ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿ. ಯುಜಿಸಿ 2020ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. ಓದಿನ ಭಾಗವಾಗಿ ಕನಿಷ್ಠ ಒಂದು ಸೆಮಿಸ್ಟರ್ ಕಂಪನಿಯಲ್ಲಿ ಕೆಲಸ ಕಲಿಯಬೇಕು. ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಗೆ (ನ್ಯಾಟ್ಸ್) ಜೋಡಿಸಿದರೆ ಸ್ಟೈಪೆಂಡ್ ಕೂಡ ಸಿಗುತ್ತದೆ. 2019ರ ನಿಯಮದಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದಿತ್ತು. ಆ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರ ಭರಿಸುತ್ತದೆ. ತೊಂದರೆ ಏನೆಂದರೆ ಕಂಪನಿ ದೂರದ ನಗರದಲ್ಲಿದ್ದರೆ ಆ ದುಡ್ಡು ರೂಮಿನ ಬಾಡಿಗೆಗೂ ಊಟಕ್ಕೂ ಮುಗಿಯುತ್ತದೆ. ಹುಡುಗಿಯರನ್ನು ಮನೆಯವರು ಕಳಿಸುವುದೂ ಕಷ್ಟ. ಹತ್ತಿರದಲ್ಲಿ ಕಂಪನಿ ಸಿಕ್ಕರೆ ಮಾತ್ರ ಈ ದಾರಿ ಹಿಡಿಯಿರಿ.

ಇನ್ನೊಂದು ಸಣ್ಣ ಎಚ್ಚರಿಕೆ. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹಳೆಯ ಪ್ರಸ್ತಾವನೆಯನ್ನು ಕಾಪಿ ಮಾಡುವವರು ಈ ಸಾಲು ತಿದ್ದುವುದನ್ನೇ ಮರೆಯುತ್ತಾರೆ.

ನರ್ಸಿಂಗ್ ಅಥವಾ ಮೆಡಿಕಲ್ ಸೀಟು ನಮ್ಮ ಜಿಲ್ಲೆಗೆ ಬರುವುದು ಹೇಗೆ?

ಇದು ಕಾಲೇಜು ಅಭಿವೃದ್ಧಿ ಸಮಿತಿಯ ಮಟ್ಟದಲ್ಲಿ ಆಗುವ ಕೆಲಸವಲ್ಲ. ಆದರೂ ಹಿಂದುಳಿದ ಕಡೆಗೆ ಸರ್ಕಾರದ ಹಣ ನಿಜವಾಗಿ ತಲುಪಿದ ಉದಾಹರಣೆ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. 2014ರಲ್ಲಿ ಶುರುವಾದ ಕೇಂದ್ರ ಯೋಜನೆಯೊಂದರಲ್ಲಿ ಮೂರು ಹಂತಗಳಲ್ಲಿ 157 ಮೆಡಿಕಲ್ ಕಾಲೇಜುಗಳಿಗೆ ಒಪ್ಪಿಗೆ ಸಿಕ್ಕಿತು. ಇರುವ ಜಿಲ್ಲಾ ಆಸ್ಪತ್ರೆಗೇ ಕಾಲೇಜನ್ನು ಜೋಡಿಸುವುದು, ಮೆಡಿಕಲ್ ಕಾಲೇಜೇ ಇಲ್ಲದ ಜಿಲ್ಲೆಗೆ ಮೊದಲು ಕೊಡುವುದು ಅದರ ಲೆಕ್ಕ. ಮೂರನೇ ಹಂತದಲ್ಲಿ ಒಂದು ಕಾಲೇಜಿಗೆ 325 ಕೋಟಿ. ಯಾದಗಿರಿ, ಹಾವೇರಿ, ಚಿಕ್ಕಮಗಳೂರು, ಚಿಕ್ಕಬಳ್ಳಾಪುರಕ್ಕೆ ಕಾಲೇಜು ಬಂದದ್ದು ಹೀಗೆ.

2023ರಲ್ಲಿ ಇದೇ 157 ಕಾಲೇಜುಗಳ ಪಕ್ಕದಲ್ಲೇ ಒಂದೊಂದು ನರ್ಸಿಂಗ್ ಕಾಲೇಜು ತೆರೆಯಲು ಕೇಂದ್ರ ಸಂಪುಟ 1,570 ಕೋಟಿಗೆ ಒಪ್ಪಿತು. ಒಂದಕ್ಕೆ ಸುಮಾರು 10 ಕೋಟಿ. ಆಸ್ಪತ್ರೆ, ಲ್ಯಾಬ್, ಪಾಠ ಹೇಳುವ ವೈದ್ಯರು ಎಲ್ಲ ಅಲ್ಲೇ ಇರುವುದರಿಂದ ಖರ್ಚು ಕಡಿಮೆ. ಈ ಯೋಚನೆ ನಮ್ಮ ಪದವಿ ಕಾಲೇಜುಗಳಿಗೂ ಹೊಂದುತ್ತದೆ. ಪಕ್ಕದ ಪಾಲಿಟೆಕ್ನಿಕ್‌ನ ವರ್ಕ್‌ಶಾಪನ್ನು ಮಧ್ಯಾಹ್ನದ ಮೇಲೆ ಬಳಸಿಕೊಳ್ಳಲು ಒಪ್ಪಂದ ಮಾಡಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಐಟಿಐಗಳಿಗೆ ಬೇರೆ ಹಣ ಇದೆಯಾ?

ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ 1,000 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಲು 60,000 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕೇಂದ್ರ 30,000, ರಾಜ್ಯಗಳು 20,000, ಉದ್ಯಮಗಳು 10,000 ಕೋಟಿ ಹಾಕಬೇಕು. ಪದವಿ ಕಾಲೇಜಿಗೂ ಇದಕ್ಕೂ ಸಂಬಂಧವಿಲ್ಲ.

ಪಾಠ ಮಾಡುವವರ ಸಂಬಳ ಯಾರು ಕೊಡುತ್ತಾರೆ?

ಈ ಪ್ರಶ್ನೆ ಕೇಳುವವರು ಕಡಿಮೆ. ಹೆಚ್ಚಿನವರು ಉದ್ಘಾಟನೆಯ ಮರುದಿನ ಕೇಳುತ್ತಾರೆ.

ಅನುದಾನದ ಆದೇಶದಲ್ಲಿ ಹಣವನ್ನು ಮೂರು ಗುಂಪು ಮಾಡಿರುತ್ತಾರೆ: ಆಸ್ತಿ ಕಟ್ಟಲು, ಸಂಬಳಕ್ಕೆ, ಇತರ ಖರ್ಚಿಗೆ. ಕೇಂದ್ರದ ಲೆಕ್ಕದಲ್ಲಿ ಇವಕ್ಕೆ 35, 36, 31 ಎಂಬ ಸಂಖ್ಯೆಗಳೇ ಇವೆ. 35ರಲ್ಲಿ ಬಂದ ದುಡ್ಡಿನಿಂದ ಒಂದು ರೂಪಾಯಿ ಕೂಡ ಸಂಬಳಕ್ಕೆ ಕೊಡುವಂತಿಲ್ಲ. ಕಾಲೇಜಿನ ಯೋಜನೆಗಳಲ್ಲಿ ಜಾಸ್ತಿ ಬರುವುದು ಈ 35ರ ದುಡ್ಡೇ. ಹಾಗಾಗಿ ಲ್ಯಾಬ್ ಆಗುತ್ತದೆ, ಲ್ಯಾಬಿನಲ್ಲಿ ನಿಂತು ಕಲಿಸುವವರು ಇರುವುದಿಲ್ಲ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಈಗಲೇ ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅವರು ಬರುವುದು ಕಾರ್ಯಭಾರದ, ಅಂದರೆ ವಾರಕ್ಕೆ ಎಷ್ಟು ಗಂಟೆ ಪಾಠವಿದೆ ಎಂಬ ಲೆಕ್ಕದ ಮೇಲೆ. ಹೊಸ ಕೋರ್ಸಿನ ಕಾರ್ಯಭಾರವನ್ನು ಇಲಾಖೆ ಒಪ್ಪುವುದು ತಡವಾದರೆ ಮೊದಲ ಸೆಮಿಸ್ಟರ್ ಪಾಠವಿಲ್ಲದೇ ಕಳೆಯುತ್ತದೆ. ಮೊದಲ ಬ್ಯಾಚಿನ ಮಕ್ಕಳು ಊರೆಲ್ಲ "ಅಲ್ಲಿ ಏನೂ ನಡೆಯಲ್ಲ" ಎಂದು ಹೇಳಿದ ಮೇಲೆ ಎರಡನೇ ಬ್ಯಾಚಿಗೆ ಯಾರು ಬರುತ್ತಾರೆ?

ಆದ್ದರಿಂದ ನನ್ನ ಹಠ ಒಂದೇ. ಪ್ರಸ್ತಾವನೆಯ ಮೊದಲ ಪುಟದಲ್ಲಿ ಕಟ್ಟಡದ ಚಿತ್ರ ಹಾಕಬೇಡಿ. ಯಾರು ಪಾಠ ಮಾಡುತ್ತಾರೆ, ವಾರಕ್ಕೆ ಎಷ್ಟು ಗಂಟೆ, ಸಂಬಳ ಯಾವ ಲೆಕ್ಕದಿಂದ, ಮೂರನೇ ವರ್ಷವೂ ಅದು ಇರುತ್ತದಾ ಅಂತ ಬರೆಯಿರಿ. ಇದಕ್ಕೆ ಉತ್ತರ ಇಲ್ಲದಿದ್ದರೆ ಆ ವರ್ಷ ದುಡ್ಡು ಕೇಳದೇ ಇರುವುದೇ ವಾಸಿ. ಈ ಮಾತಿಗೆ ಸಮಿತಿ ಸಭೆಗಳಲ್ಲಿ ಬಹಳ ಸಲ ಬೈಸಿಕೊಂಡಿದ್ದೇನೆ.

ಯಂತ್ರ, ಕಂಪ್ಯೂಟರ್ ತರಿಸುವಾಗ ಏನು ನೋಡಬೇಕು?

ಮೊದಲು ಕರೆಂಟು. ತಮಾಷೆ ಮಾಡುತ್ತಿಲ್ಲ. ನಾನು ಕೆಲಸ ಮಾಡಿದ ಒಂದು ಕಾಲೇಜಿಗೆ ಹೊಲಿಗೆ ಮತ್ತು ಕಟಿಂಗ್ ಯಂತ್ರಗಳು ಬಂದವು. ನಮಗೆ ತ್ರೀ ಫೇಸ್ ಸಂಪರ್ಕವೇ ಇರಲಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಠೇವಣಿ, ಠೇವಣಿಗೆ ಬೇರೆ ಲೆಕ್ಕ. ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ವಾರಂಟಿ ಮುಗಿದಿತ್ತು. ಕಟಿಂಗ್ ಟೇಬಲ್ ಮೇಲೆ ಪರೀಕ್ಷಾ ವಿಭಾಗದವರು ಉತ್ತರ ಪತ್ರಿಕೆಯ ಕಟ್ಟುಗಳನ್ನು ಜೋಡಿಸಿಟ್ಟಿದ್ದರು.

ಖರೀದಿಗೆ ರಾಜ್ಯದ ಟೆಂಡರ್ ಕಾಯ್ದೆಯಾದ 1999ರ ಕೆಟಿಪಿಪಿ ಇದೆ, ಸರ್ಕಾರಿ ಕಚೇರಿಗಳು ಆನ್‌ಲೈನ್‌ನಲ್ಲಿ ಕೊಳ್ಳುವ ಕೇಂದ್ರದ ಜೆಮ್ ಪೋರ್ಟಲ್ ಇದೆ. ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ತುಂಡು ಮಾಡುವುದು ಆಡಿಟ್‌ನವರ ಕಣ್ಣಿಗೆ ಮೊದಲು ಬೀಳುವ ತಪ್ಪು. ಮೂರು ವರ್ಷದ ದುರಸ್ತಿ ಒಪ್ಪಂದವನ್ನು ಟೆಂಡರಿನಲ್ಲೇ ಸೇರಿಸಿ. ಆಮೇಲೆ ರಿಪೇರಿಗೆ ಅಂತ ಯಾರೂ ದುಡ್ಡು ಕೊಡುವುದಿಲ್ಲ.

ಮಾರ್ಚ್ ಕೊನೆಯಲ್ಲಿ ದುಡ್ಡು ಬಂದರೆ ಏನು ಮಾಡುವುದು?

ಎಲ್ಲರ ಗೋಳು ಇದೇ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು ಎಂದು ಸಿಕ್ಕಿದ್ದನ್ನು ಕೊಳ್ಳಬೇಡಿ. ಟೆಂಡರ್ ದಾಖಲೆ, ವಸ್ತುಗಳ ವಿವರ ಎಲ್ಲ ಡಿಸೆಂಬರಿನಲ್ಲೇ ತಯಾರಿದ್ದರೆ ಮಾರ್ಚಿನಲ್ಲಿ ಸಹಿ ಮಾತ್ರ ಉಳಿಯುತ್ತದೆ. ಮುಗಿಯದಿದ್ದರೆ ಉಳಿದ ಹಣವನ್ನು ಮುಂದಿನ ವರ್ಷ ಬಳಸಲು ಬರವಣಿಗೆಯಲ್ಲಿ ಅನುಮತಿ ಕೇಳಿ.

ಕೇಂದ್ರದ ಹಣಕ್ಕೆ ಅದರ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಎಲ್ಲರೂ ಅದನ್ನು ಯುಸಿ ಎನ್ನುತ್ತಾರೆ. ಮುಂದಿನ ಕಂತು ನಿಲ್ಲುವುದು ಬಹಳ ಸಲ ಇದೊಂದು ಕಾಗದದಿಂದ. ಬ್ಯಾಂಕಿನಲ್ಲಿ ಬಿದ್ದಿದ್ದ ದುಡ್ಡಿಗೆ ಬಂದ ಬಡ್ಡಿ ಕೂಡ ನಿಮ್ಮದಲ್ಲ. ಅದನ್ನು ವಾಪಸ್ ಕಟ್ಟಬೇಕು.

ನ್ಯಾಕ್ ಗ್ರೇಡ್ ಇಲ್ಲದಿದ್ದರೆ?

ಕಷ್ಟ. ನ್ಯಾಕ್ ಎಂದರೆ ಕಾಲೇಜಿನ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆ. ಗ್ರೇಡ್ ಅಲ್ಲದೆ, ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಮಾನ್ಯತೆ ಇಲ್ಲದಿದ್ದರೆ ಯುಜಿಸಿ ಅನುದಾನ ಸಿಗುವುದಿಲ್ಲ. ಬಡ ಕಾಲೇಜಿಗೆ ಗ್ರೇಡ್ ಇಲ್ಲ, ಗ್ರೇಡ್ ಇಲ್ಲದ್ದಕ್ಕೆ ದುಡ್ಡಿಲ್ಲ, ದುಡ್ಡಿಲ್ಲದ್ದಕ್ಕೆ ಗ್ರೇಡ್ ಇಲ್ಲ. ಈ ಸುತ್ತಿನಿಂದ ಹೊರಬರಲು ರಾಜ್ಯದ ಹಣದಿಂದ ಶುರು ಮಾಡುವುದೇ ಸರಿ.

ಕೋರ್ಸ್ ಬಂತು, ಮಕ್ಕಳು ಸೇರುತ್ತಿಲ್ಲ. ಯಾಕೆ?

ಸಮಯ ನೋಡಿ. ಕೊನೆಯ ಬಸ್ಸು ನಾಲ್ಕೂವರೆಗೆ ಹೊರಡುವ ಊರಿನಲ್ಲಿ ನಾಲ್ಕು ಗಂಟೆಗೆ ಪ್ರಾಕ್ಟಿಕಲ್ ಇಟ್ಟರೆ ಹಳ್ಳಿಯ ಮಕ್ಕಳು ಬರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ಸು ಉಚಿತ. ಆದರೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಏನು ಮಾಡುತ್ತದೆ? ಡಿಪೋ ಮ್ಯಾನೇಜರ್‌ಗೆ ಒಂದು ಪತ್ರ ಬರೆದು, ಹತ್ತು ಮಕ್ಕಳ ಜೊತೆ ಹೋಗಿ ಕೇಳಿ. ಒಂದು ಟ್ರಿಪ್ ಅರ್ಧ ಗಂಟೆ ಹಿಂದೆ ಮುಂದೆ ಆದರೆ ಸಾಕು.

ಆಮೇಲೆ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲೂ ಕೇಂದ್ರ, ರಾಜ್ಯದ ಪಾಲು 60-40. ಅದಕ್ಕೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷದೊಳಗೆ ಇರಬೇಕು. ನಮ್ಮಲ್ಲಿ ಅರ್ಜಿ ಹಾಕುವುದು ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹೊಸ ಕೋರ್ಸಿನ ಹೆಸರು ಆ ಪೋರ್ಟಲ್‌ಗೆ ಸೇರಿದೆಯಾ ಅಂತ ಪ್ರವೇಶಕ್ಕೆ ಮೊದಲೇ ನೋಡಿ. ಸೇರಿಲ್ಲದಿದ್ದರೆ ಇಡೀ ಬ್ಯಾಚಿನ ಅರ್ಜಿ ನಿಂತುಹೋಗುತ್ತದೆ. ಆಧಾರ್ ಜೋಡಣೆ ಆಗದ ಖಾತೆಯದ್ದು ಪ್ರತಿ ವರ್ಷದ ಕತೆ.

ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅವರಿಗೆ ಕಟ್ಟಡ ಮಾತ್ರ ಬೇಕು ಅಂದರೆ?

ಕಟ್ಟಡಕ್ಕೆ ಫಲಕ ಹಾಕಬಹುದು, ಅತಿಥಿ ಉಪನ್ಯಾಸಕರಿಗೆ ಫಲಕ ಹಾಕಲು ಬರುವುದಿಲ್ಲ. ಶಾಸಕರ ಕಷ್ಟವೂ ಅರ್ಥವಾಗುತ್ತದೆ. ಕೆಲಸ ಸಿಕ್ಕ ಮಕ್ಕಳನ್ನು ವರ್ಷಕ್ಕೊಮ್ಮೆ ಅವರ ಕೈಯಿಂದಲೇ ಸನ್ಮಾನ ಮಾಡಿಸಿ. ನಮ್ಮಲ್ಲಿ ಇದು ಕೆಲಸ ಮಾಡಿತು.

ದುಡ್ಡು ಬಂದಿದೆ ಅಂತಾರೆ, ಕೋರ್ಸ್ ಕಾಣುತ್ತಿಲ್ಲ. ನಾವು ಊರಿನವರು ಏನು ಮಾಡಬಹುದು?

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. "ಏನಾಯಿತು, ಯಾಕೆ ಹೀಗಾಯಿತು" ಅಂತ ಕೇಳಬೇಡಿ. ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ: ಮಂಜೂರಾತಿ ಆದೇಶದ ನಕಲು, ಹಣ ಬಿಡುಗಡೆಯ ಆದೇಶ, ಬಳಕೆ ಪ್ರಮಾಣಪತ್ರ, ಆ ಕೋರ್ಸಿನ ಹಾಜರಿ ಪುಸ್ತಕ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ. ನಾಲ್ಕೂ ಕೈಗೆ ಸಿಕ್ಕರೆ ಮೊದಲು ಹಾಜರಿ ಪುಸ್ತಕವನ್ನೇ ತೆರೆದು ನೋಡಿ.